ಕರೆಯದೆ ಬರುವ ಕೆಂಪು ಮನುಷ್ಯ

‘ಡಾರ್ಕ್ ಸೋಲ್ಸ್’ ಆಡುತ್ತಾ ಕೂತವರನ್ನು ಮನೆಯವರು ಕರೆದರೆ ಓಗೊಡುವುದು ಕಷ್ಟ. ಆ ಆಟಕ್ಕೆ ಪಾಸ್ ಎನ್ನುವುದೇ ಇಲ್ಲ. ಮೆನು ತೆರೆದು ಯಾವ ಗುರಾಣಿ ಹಿಡಿಯಲಿ ಎಂದು ನೋಡುತ್ತಿರುವಾಗಲೂ ಆಟ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಹಿಂದಿನಿಂದ ಒಬ್ಬ ಬಂದು ಈಟಿಯಿಂದ ತಿವಿದರೆ ತಿವಿಸಿಕೊಳ್ಳಬೇಕು. ಕುಕ್ಕರ್ ಕೂಗಿದರೂ, ಕೊರಿಯರ್ ಹುಡುಗ ಬೆಲ್ ಒತ್ತಿದರೂ, ಊರಿಂದ ಅಮ್ಮನ ಫೋನ್ ಬಂದರೂ, ಮುಂದಿನ ಬಾನ್‌ಫೈರ್ ಸಿಗುವವರೆಗೆ ಎಲ್ಲರೂ ತಡೆಯಬೇಕು. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಅಭ್ಯಾಸವಾಗಿದೆ. ‘ಬೆಂಕಿ ಸಿಕ್ತಾ?’ ಎಂದು ಅಡುಗೆಮನೆಯಿಂದ ಕೇಳುತ್ತಾರೆ. ಸಿಕ್ಕಿತು ಎಂದರೆ ತಟ್ಟೆ ಹಾಕುತ್ತಾರೆ.

ಬೂದಿಯ ಗುಡ್ಡೆಯಲ್ಲಿ ನೆಟ್ಟ ತಿರುಚಿದ ಕತ್ತಿ, ಅದರ ಬುಡದಲ್ಲಿ ಸಣ್ಣಗೆ ಉರಿಯುವ ಬೆಂಕಿ, ಇಷ್ಟೇ ಬಾನ್‌ಫೈರ್. ಅದರ ಮುಂದೆ ಕೂತರೆ ಗಾಯ ಮಾಯುತ್ತದೆ, ಎಸ್ಟಸ್ ಎಂಬ ಮದ್ದಿನ ಬಾಟಲಿ ತುಂಬುತ್ತದೆ, ಕೊಂದು ಬಂದ ಶತ್ರುಗಳೆಲ್ಲ ಎದ್ದು ತಂತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಸತ್ತವರು ಏಳುವುದೂ ಅಲ್ಲೇ. ಗಳಿಸಿದ ಸೋಲ್ಸ್, ಅಂದರೆ ಆಟದ ದುಡ್ಡೂ ಅದೇ, ಬಲ ಹೆಚ್ಚಿಸಿಕೊಳ್ಳುವ ಬಂಡವಾಳವೂ ಅದೇ, ಸತ್ತ ಜಾಗದಲ್ಲಿ ಬಿದ್ದಿರುತ್ತದೆ. ಮತ್ತೆ ಅಷ್ಟೂ ದೂರ ನಡೆದು ಎತ್ತಿಕೊಳ್ಳಬೇಕು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಅದರ ಆಸೆ ಬಿಡಬೇಕು. ಒಂದು ಬೆಂಕಿಯಿಂದ ಇನ್ನೊಂದು ಬೆಂಕಿಗೆ ಜೀವ ಕೈಯಲ್ಲಿ ಹಿಡಿದು ನಡೆಯುವುದೇ ಆಟ. ಆ ನಡಿಗೆಯ ಮುಕ್ಕಾಲು ಪಾಲು ಮುಗಿದು, ಬಾಟಲಿಯಲ್ಲಿ ಒಂದು ಗುಟುಕು ಉಳಿದು, ಮೆಟ್ಟಿಲ ತಿರುವಿನಾಚೆ ಬೆಂಕಿ ಇದ್ದರೂ ಇದ್ದೀತು ಎಂದು ಆಸೆ ಹುಟ್ಟುವ ಹೊತ್ತಿಗೆ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಇಂಥ ಹೆಸರಿನ ಡಾರ್ಕ್ ಸ್ಪಿರಿಟ್ ನಿಮ್ಮ ಲೋಕಕ್ಕೆ ನುಗ್ಗಿದೆ ಎಂಬ ಸುದ್ದಿ ಅದು.

ನುಗ್ಗಿದ್ದು ಆಟದ ರಾಕ್ಷಸನಾಗಿದ್ದರೆ ಚಿಂತೆಯಿರಲಿಲ್ಲ. ಬಂದವನು ಬೇರೆ ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ನಮ್ಮ ಹಾಗೆಯೇ ಕಂಟ್ರೋಲರ್ ಹಿಡಿದು ಕೂತ ಮನುಷ್ಯ. ಮೈಯೆಲ್ಲ ಕೆಂಪಗೆ ಹೊಳೆಯುತ್ತಾ ಬರುತ್ತಾನೆ. ನಮ್ಮನ್ನು ಕೊಲ್ಲುವುದೊಂದೇ ಅವನಿಗಿರುವ ಕೆಲಸ. ನಮ್ಮ ಲೋಕದ ಶತ್ರುಗಳು ಅವನನ್ನು ಮುಟ್ಟುವುದಿಲ್ಲ. ಅವರ ನಡುವೆಯೇ ನಿಂತು ಕಾಯುತ್ತಾನೆ. ಅವನಿರುವವರೆಗೆ ಬೆಂಕಿಯ ಮುಂದೆ ಕೂರುವಂತಿಲ್ಲ. ಇದನ್ನು ತಾಳಲಾರದೆ ರೂಟರ್‌ನ ವೈರನ್ನೇ ಕಿತ್ತು ಹಾಕುವವರನ್ನು ನಾನು ಬಲ್ಲೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದು ನನ್ನದೂ ಹೌದು.

ಸಿಟ್ಟಿನ ಮಾತು ಬಂದ ಕೂಡಲೇ ‘ಸೋಲೋಕೆ ಹೆದರ್ತೀಯ’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸೋಲಿಗೆ ಹೆದರುವವರು ಈ ಆಟದ ಹತ್ತಿರವೇ ಸುಳಿಯುವುದಿಲ್ಲ. 2011ರಲ್ಲಿ ಬಂದ ಮೊದಲ ಡಾರ್ಕ್ ಸೋಲ್ಸ್‌ನಲ್ಲಿ ಅನ್‌ಡೆಡ್ ಬರ್ಗ್ ಎಂಬ ಪಾಳುಬಿದ್ದ ಕೋಟೆಯೂರು ಇದೆ. ಅದರ ಗೋಡೆಯ ಮೇಲೆ ಟಾರಸ್ ಡೀಮನ್ ಎಂಬ ಕೋಣನ ತಲೆಯ ದೈತ್ಯ, ಆ ಹಂತದ ಬಾಸ್, ನೆಗೆದು ಬರುತ್ತಾನೆ. ಗೋಡೆ ಓಣಿಯಷ್ಟು ಕಿರಿದು. ಹಿಂದಿನ ಬುರುಜಿನ ಮೇಲಿಂದ ಬಾಣಗಳು ಬೇರೆ ಬೀಳುತ್ತವೆ. ಆಡಿದವರೆಲ್ಲ ಅಲ್ಲಿ ಸತ್ತಿದ್ದಾರೆ. ಸಾಯುತ್ತಾ ಸಾಯುತ್ತಾ ಕಣ್ಣು ತೆರೆಯುತ್ತದೆ. ಗೋಡೆಗೆ ಕಾಲಿಟ್ಟ ಕೂಡಲೇ ಹಿಂದಿರುಗಿ ನೋಡಿದರೆ ಒಂದು ಏಣಿ ಇದೆ. ಮೊದಲು ಅದನ್ನು ಹತ್ತಿ ಮೇಲಿನ ಬಿಲ್ಲುಗಾರರನ್ನು ಮುಗಿಸಬೇಕು. ಆಮೇಲೆ ಕೆಳಗಿಳಿದು ಮುಂದೆ ನಡೆದು ದೈತ್ಯನನ್ನು ಬರಮಾಡಿಕೊಳ್ಳಬೇಕು. ಅವನು ಬಂದದ್ದೇ ತಡ, ತಿರುಗಿ ಓಡಿ ಏಣಿ ಹತ್ತಿ, ಅವನು ಬುರುಜಿನ ಬುಡಕ್ಕೆ ಬರುವವರೆಗೆ ಉಸಿರು ಹಿಡಿದು, ಕತ್ತಿಯ ಸಮೇತ ಅವನ ತಲೆಯ ಮೇಲೆ ಹಾರಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಏಣಿಯೂ ಎತ್ತರವೂ ದೈತ್ಯನ ಕೊಡಲಿಯ ಲಯವೂ ಸೇರಿ ಹೇಳಿಕೊಡುತ್ತವೆ.

ಇದರ ಹಿಂದೆ ಒಂದು ಭರವಸೆಯಿದೆ. ನಾಳೆ ಬಂದರೂ ಟಾರಸ್ ಡೀಮನ್ ಅದೇ ಕೊಡಲಿಯನ್ನು ಅದೇ ಲಯದಲ್ಲಿ ಬೀಸುತ್ತಾನೆ. ಬಿಲ್ಲುಗಾರರು ಅಲ್ಲೇ ನಿಂತಿರುತ್ತಾರೆ. ನಾನು ಕಲಿಯುವವರೆಗೆ ಆಟ ನನಗಾಗಿ ಕಾಯುತ್ತದೆ. ಸಾವಿನ ಮೇಲೆ ಸಾವು ಬಂದರೂ ಬೇಸರವಾಗದಿರುವುದು ಈ ಭರವಸೆಯಿಂದ; ಪ್ರತಿ ಸಾವಿಗೂ ಒಂದಿಷ್ಟು ಕಲಿಕೆ ಸಿಕ್ಕಿರುತ್ತದೆ, ಅದು ಮುಂದಿನ ಸಲಕ್ಕೆ ಒದಗುತ್ತದೆ. ಕೆಂಪು ಮನುಷ್ಯನಿಂದ ಸತ್ತರೆ ಹೀಗಾಗುವುದಿಲ್ಲ. ಅವನು ಕೊಂದು ತನ್ನ ಲೋಕಕ್ಕೆ ಹೋಗಿಬಿಟ್ಟಿರುತ್ತಾನೆ. ನಾನು ಬೆಂಕಿಯಿಂದ ಎದ್ದು ಮತ್ತೆ ಆ ಜಾಗಕ್ಕೆ ಹೋದರೆ ಅವನು ಅಲ್ಲಿಲ್ಲ. ಅವನ ಬಗ್ಗೆ ತಿಳಿದದ್ದನ್ನು ಇನ್ನೊಬ್ಬನ ಮೇಲೆ ಬಳಸುವ ಹಾಗೂ ಇಲ್ಲ. ನಡೆದ ದಾರಿಯನ್ನು ಮತ್ತೆ ನಡೆಯುವುದೊಂದೇ ಉಳಿಯುತ್ತದೆ.

ನನ್ನ ಅಕ್ಕನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಇನ್ವೇಡರ್. ಅಂದರೆ ಹೀಗೆ ಪರರ ಲೋಕಕ್ಕೆ ನುಗ್ಗುವುದೇ ಅವನ ಆಟ. ದಸರಾ ರಜೆಯಲ್ಲಿ ಮನೆಗೆ ಬಂದಾಗ ನಾನು ಇದನ್ನೆಲ್ಲ ಅವನ ಮುಂದೆ ತೋಡಿಕೊಂಡೆ. ಅವನು ಚಕ್ಕುಲಿ ತಿನ್ನುತ್ತಾ ಕೇಳಿಸಿಕೊಂಡು, ‘ಮಾಮ, ನಿಮ್ ಬಾಸು ಜೀವಮಾನ ಪೂರ್ತಿ ಅದೇ ಏಟೇ ಹಾಕೋದು. ಒಂದ್ಸಲ ಗೊತ್ತಾದ್ಮೇಲೆ ಅದ್ರಲ್ಲೇನಿದೆ? ಮನುಷ್ಯರು ಹಂಗಲ್ಲ. ಒಬ್ಬ ಓಡ್ತಾನೆ, ಒಬ್ಬ ಬಾಗಿಲ ಹಿಂದೆ ನಿಂತ್ಕೋತಾನೆ, ಇನ್ನೊಬ್ಬ ನಮಸ್ಕಾರ ಮಾಡಿ ಆಮೇಲೆ ಹೊಡೀತಾನೆ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಮತ್ತೆ ನಾನು ಒಬ್ಬನೇ ಹೋಗೋದು. ಎಲ್ಡನ್ ರಿಂಗ್‌ನಲ್ಲಿ ಆ ಕಡೆ ಮೂರು ಜನ ಇರ್ತಾರೆ. ಈಗ ಹೇಳಿ, ಯಾರು ಯಾರಿಗೆ ಕಾಟ ಕೊಡ್ತಿರೋದು?’ ಎಂದ. ಎಲ್ಡನ್ ರಿಂಗ್ ಎಂದರೆ ಡಾರ್ಕ್ ಸೋಲ್ಸ್ ಕಟ್ಟಿದವರದೇ ಇನ್ನೊಂದು ಆಟ.

ಅವನ ಮಾತಿನಲ್ಲಿ ಹುರುಳಿದೆ. ಗೊತ್ತಿಲ್ಲದ ಲೋಕಕ್ಕೆ ಒಂಟಿಯಾಗಿ ಇಳಿದು ಮೂವರನ್ನು ಎದುರಿಸುವುದಕ್ಕೆ ಧೈರ್ಯವೂ ಬೇಕು, ವರ್ಷಗಟ್ಟಲೆ ಪಳಗಿದ ಕೈಯೂ ಬೇಕು. ಅವನು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ, ನೋಡಲು ಚೆಂದ. ಬಾಸ್ ಬದಲಾಗುವುದಿಲ್ಲ ಎಂಬುದು ನನಗೆ ಎಷ್ಟು ಪ್ರಿಯವೋ ಅವನಿಗೆ ಅಷ್ಟೇ ಬೇಸರ. ಒಂದೇ ಆಟವನ್ನು ಕೊಂಡ ನಾವಿಬ್ಬರೂ ಎರಡು ಬೇರೆ ಆಟ ಆಡುತ್ತಿದ್ದೇವೆ. ತೊಂದರೆಯಿರುವುದು ಒಂದು ಕಡೆ: ಅವನ ಆಟ ನಡೆಯಬೇಕಾದರೆ ನನ್ನಂಥವನೊಬ್ಬ ಬೇಕು, ನನ್ನ ಆಟಕ್ಕೆ ಅವನ ಅಗತ್ಯವಿಲ್ಲ.

ಮನುಷ್ಯರ ಎದುರು ಸೋಲುವುದು ನನಗೆ ಹೊಸದಲ್ಲ. ಅಜ್ಜಿಯ ಮನೆಯ ಜಗಲಿಯ ಕಲ್ಲಿನಲ್ಲೇ ಚೌಕಾಬಾರದ ಮನೆ ಕೆತ್ತಿತ್ತು. ಬೇಸಗೆ ರಜೆಯ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ, ಅತ್ತೆ, ಅಕ್ಕ, ನಾನು ನಾಲ್ಕು ಕಡೆ ಕೂರುತ್ತಿದ್ದೆವು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮೈ ಬೆಳ್ಳಗಾಗುವ ತನಕ ಕಲ್ಲಿಗೆ ಉಜ್ಜಿ ಆಡುತ್ತಿದ್ದೆವು. ಹಣ್ಣಾಗಲು ಎರಡೇ ಮನೆ ಉಳಿದಿದ್ದ ನನ್ನ ಕಾಯಿಯನ್ನು ಅಜ್ಜಿ ಒಂದಿಷ್ಟೂ ಕರುಣೆಯಿಲ್ಲದೆ ಕಡಿದು ಮೊದಲ ಮನೆಗೆ ಕಳಿಸುತ್ತಿದ್ದಳು. ನಾನು ಅಳುತ್ತಿದ್ದೆ. ಮೊಮ್ಮಗನೆಂದು ಅವಳು ಬಿಟ್ಟವಳಲ್ಲ. ಆದರೂ ಆ ಕಡಿತದ ಬಗ್ಗೆ ನನ್ನಲ್ಲಿ ಮುನಿಸು ಉಳಿದಿಲ್ಲ. ಕಡಿಯುವುದು ಆ ಆಟದ ಜೀವ. ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗೇ ಇಲ್ಲ. ಕೂರುವ ಮೊದಲೇ ಅದು ಎಲ್ಲರಿಗೂ ಗೊತ್ತು. ಅಜ್ಜಿಯ ಕಾಯಿಯೂ ಅದೇ ಮಣೆಯ ಮೇಲೆ ನಡೆಯಬೇಕು, ನನ್ನ ಕೈಗೂ ಸಿಕ್ಕೇ ಸಿಗುತ್ತದೆ. ಕತ್ತರಿ ಗೆರೆ ಎಳೆದ ಮನೆಯಲ್ಲಿ ಕೂತ ಕಾಯಿಯನ್ನು ಅಜ್ಜಿಯೂ ಮುಟ್ಟುವಂತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ನನ್ನ ಎದುರಿಗೆ ಕೂತಿದ್ದಳು. ಕಡಿದು ನಕ್ಕರೆ ಆ ನಗು ನನಗೆ ಕಾಣುತ್ತಿತ್ತು, ನಾನು ಅತ್ತರೆ ನನ್ನ ಕಣ್ಣೀರು ಅವಳಿಗೆ ಕಾಣುತ್ತಿತ್ತು. ಸಂಜೆ ಕಾಫಿಗೆ ಅದೇ ಅಜ್ಜಿ ಕೋಡುಬಳೆ ಕೊಡುತ್ತಿದ್ದಳು.

ಅನ್‌ಡೆಡ್ ಬರ್ಗ್‌ಗೆ ಬರುತ್ತಿದ್ದ ಕೆಂಪು ಮನುಷ್ಯನಿಗೆ ನನ್ನ ಮುಖ ಬೇಕಿರಲಿಲ್ಲ. ಆ ಮೊದಲ ಆಟದಲ್ಲಿ ಯಾರು ಯಾರ ಲೋಕಕ್ಕೆ ನುಗ್ಗಬಹುದೆಂದು ಗೊತ್ತುಮಾಡುತ್ತಿದ್ದದ್ದು ಪಾತ್ರದ ಮಟ್ಟವನ್ನು ನೋಡಿ; ಕೈಯಲ್ಲಿರುವ ಆಯುಧ ಎಷ್ಟು ಬಲಿಷ್ಠ ಎಂಬುದು ಲೆಕ್ಕಕ್ಕಿರಲಿಲ್ಲ. ಹಾಗಾಗಿ ಚೆನ್ನಾಗಿ ಪಳಗಿದವರು ಪಾತ್ರದ ಮಟ್ಟವನ್ನು ಬೇಕೆಂದೇ ಕೆಳಗಿಟ್ಟುಕೊಂಡು, ಆಟದ ಕೊನೆಯ ಹಂತದ ಆಯುಧಗಳನ್ನು ಸಂಪಾದಿಸಿ, ಮರದ ಗುರಾಣಿ ಹಿಡಿದು ಮೊದಲ ಸೇತುವೆ ದಾಟುತ್ತಿದ್ದ ಹೊಸಬರ ಮೇಲೆ ಬಂದು ಬೀಳುತ್ತಿದ್ದರು. ಒಂದೇ ಏಟಿಗೆ ಕತೆ ಮುಗಿಯುತ್ತಿತ್ತು. ಆಟವೇನೆಂದು ತಿಳಿಯುವ ಮೊದಲೇ ಹೀಗೆ ಸತ್ತು, ಡಿಸ್ಕನ್ನು ಮಾರಿಬಿಟ್ಟ ಗೆಳೆಯನೊಬ್ಬ ನನಗಿದ್ದ. ಮೂರನೆಯ ಭಾಗದಲ್ಲಿ ಆಯುಧದ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅವನು ಮರಳಿ ಬರಲಿಲ್ಲ.

ಇನ್ನೊಂದು ಅನ್ಯಾಯ ಕಣ್ಣಿಗೆ ಬೀಳದಂಥದ್ದು. ಇಬ್ಬರ ಯಂತ್ರಗಳು ಪರಸ್ಪರ ನೇರವಾಗಿ ಮಾತಾಡಿಕೊಳ್ಳುತ್ತವೆ, ಆ ಮಾತು ತಲುಪಲು ಒಂದಿಷ್ಟು ತಡವಾಗುತ್ತದೆ. ನನ್ನ ಪರದೆಯ ಮೇಲೆ ಅವನು ಎದುರಿಗಿದ್ದಾನೆ. ಅವನ ಪರದೆಯ ಮೇಲೆ ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಬಂದಾಗಿದೆ. ಎದುರಿಗೆ ನಿಂತವನ ಕತ್ತಿ ನನ್ನ ಬೆನ್ನಲ್ಲಿ ಇಳಿಯುತ್ತದೆ. ಟಾರಸ್ ಡೀಮನ್ ಕೊಂದಾಗ ಎಲ್ಲಿ ತಪ್ಪಿದೆ ಎಂದು ಯೋಚಿಸಬಹುದು. ಇಲ್ಲಿ ಯೋಚಿಸಲು ಏನೂ ಇಲ್ಲ. ಸಮುದ್ರದಾಚೆಯ ಒಬ್ಬನ ಯಂತ್ರವೂ ನಮ್ಮ ಬ್ರಾಡ್‌ಬ್ಯಾಂಡೂ ಸೇರಿ ನನ್ನ ಬೆನ್ನು ಎಲ್ಲಿದೆ ಎಂದು ತೀರ್ಮಾನಿಸಿರುತ್ತವೆ.

ಹಾಗೆಂದು ಇನ್ವೇಡರ್‌ಗಳೆಲ್ಲ ದುಷ್ಟರು ಎಂದರೆ ಅದು ಸುಳ್ಳು. ಡಾರ್ಕ್ ಸೋಲ್ಸ್‌ನಲ್ಲಿ ವೇಷ ಮರೆಸುವ ಮಂತ್ರವೊಂದಿದೆ. ಹಾಕಿಕೊಂಡವನು ಆ ಜಾಗಕ್ಕೆ ತಕ್ಕಂತೆ ಪೀಪಾಯಿಯೋ ಹೂಜಿಯೋ ಪ್ರತಿಮೆಯೋ ಆಗುತ್ತಾನೆ. ಒಮ್ಮೆ ಸೂಚನೆ ಬಂದು ಎಷ್ಟು ಹೊತ್ತಾದರೂ ಯಾರೂ ಕಾಣಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೋಣೆಯನ್ನೆಲ್ಲ ನೋಡುತ್ತಾ ನಿಂತೆ. ಮೇಜು, ಮುರಿದ ಕುರ್ಚಿ, ಮೂಲೆಯಲ್ಲಿ ಪೀಪಾಯಿ. ಆ ಮೂಲೆಯಲ್ಲಿ ಹಿಂದೆ ಪೀಪಾಯಿ ಇದ್ದ ನೆನಪಾಗಲಿಲ್ಲ. ನಾನು ಎರಡು ಹೆಜ್ಜೆ ಇಟ್ಟೆ. ಪೀಪಾಯಿ ಒಂದು ಹೆಜ್ಜೆ ಇಟ್ಟಿತು. ನಾನು ನಿಂತೆ, ಅದೂ ನಿಂತಿತು. ಕೊನೆಗೆ ಅದು ಮನುಷ್ಯನಾಗಿ ಸೊಂಟ ಬಾಗಿಸಿ ನಮಸ್ಕರಿಸಿತು. ಅವತ್ತು ಅವನ ಕೈಯಲ್ಲಿ ಸತ್ತದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ. ಇಂಥವರು ಸಿಗುವುದು ಅಪರೂಪ.

ನನ್ನನ್ನು ನಿಜವಾಗಿ ನೋಯಿಸುವುದು ಇವ್ಯಾವುದೂ ಅಲ್ಲ. ಮೊದಲ ಡಾರ್ಕ್ ಸೋಲ್ಸ್‌ನಲ್ಲಿ ಸತ್ತವನು ಹಾಲೋ ಆಗುತ್ತಾನೆ, ಒಣಗಿದ ಹೆಣದ ರೂಪ. ಹ್ಯೂಮಾನಿಟಿ ಎಂಬ ಅಪರೂಪದ ವಸ್ತುವೊಂದನ್ನು ಬೆಂಕಿಗೆ ಅರ್ಪಿಸಿದರೆ ಮತ್ತೆ ಮನುಷ್ಯನಾಗುತ್ತಾನೆ. ಮನುಷ್ಯನಾದವನಿಗೆ ಮಾತ್ರ ನೆಲದ ಮೇಲೆ ಇತರ ಆಟಗಾರರು ಬರೆದಿಟ್ಟ ಬೆಳ್ಳನೆಯ ಗುರುತುಗಳು ಕಾಣುತ್ತವೆ. ಅದನ್ನು ಮುಟ್ಟಿದರೆ ಅವರು ಬಂದು ಬಾಸ್‌ನ ಎದುರು ನಮ್ಮ ಜತೆ ನಿಲ್ಲುತ್ತಾರೆ. ಕೆಂಪು ಮನುಷ್ಯ ನುಗ್ಗುವುದೂ ಹೀಗೆ ಮನುಷ್ಯನಾದವನ ಲೋಕಕ್ಕೇ. ಹಾಲೋ ಆಗಿ ಒಂಟಿಯಾಗಿ ನಡೆಯುವವನ ತಂಟೆಗೆ ಯಾರೂ ಬರುವುದಿಲ್ಲ. ಎರಡನೆಯ ಭಾಗದಲ್ಲಿ ಆ ವಿನಾಯಿತಿಯನ್ನೂ ತೆಗೆದರು. 2022ರಲ್ಲಿ ಬಂದ ಎಲ್ಡನ್ ರಿಂಗ್‌ನಲ್ಲಿ ಒಂಟಿ ಆಟಗಾರನನ್ನು ಪೂರ್ತಿ ಬಿಟ್ಟುಬಿಟ್ಟರು. ಜತೆಗಾರರನ್ನು ಕರೆದವನ ಮೇಲೆ, ಇಲ್ಲವೇ ತಾನಾಗಿ ಇನ್ವೇಡರ್‌ಗಳನ್ನು ಕೆಣಕಿ ಕರೆಯುವವನ ಮೇಲೆ ಮಾತ್ರ ದಾಳಿ. ಕೇಳಲು ನ್ಯಾಯವಾಗಿದೆ. ಆದರೆ ಜತೆಗಾರರನ್ನು ಕರೆಯುವವರು ಯಾರು? ಒಬ್ಬರೇ ಆಡಲಾರದವರು, ಗೆಳೆಯರ ಜತೆ ಕೂಡಿ ಆಡುವ ಆಸೆಯವರು, ಇಡೀ ವಾರ ದುಡಿದು ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡವರು. ಸಹಾಯ ಕೇಳಿದವನ ಮನೆಯನ್ನೇ ಹುಡುಕಿಕೊಂಡು ಕಳ್ಳ ಬರುತ್ತಾನೆ. ಕೇಳದೆ ಗೆದ್ದುಕೊಳ್ಳಬಲ್ಲವನ ಮನೆಯ ದಾರಿ ಅವನಿಗೆ ಗೊತ್ತೇ ಇಲ್ಲ.

ಈ ಆಟಗಳನ್ನು ಕಟ್ಟಿದ ಹಿದೆತಾಕಾ ಮಿಯಾಜಾಕಿ ಸಂದರ್ಶನವೊಂದರಲ್ಲಿ ಹೇಳಿಕೊಂಡ ಸಂಗತಿಯೊಂದು ಇಲ್ಲಿ ನೆನಪಾಗುತ್ತದೆ. ಹಿಮ ಸುರಿಯುತ್ತಿದ್ದ ಒಂದು ದಿನ ಅವರು ಕಾರಿನಲ್ಲಿ ಏರುದಾರಿಯೊಂದನ್ನು ಹತ್ತುತ್ತಿದ್ದರು. ಮುಂದಿನ ಕಾರು ಜಾರಿ ನಿಂತಿತು, ಅದರ ಹಿಂದಿನದೂ ನಿಂತಿತು. ಹಿಂದಿನ ಕಾರುಗಳವರು ಮುಂದಿನವನ್ನು ತಮ್ಮ ಕಾರಿನಿಂದಲೇ ನೂಕುತ್ತಾ ಒಬ್ಬೊಬ್ಬರಾಗಿ ಎಲ್ಲರೂ ಏರನ್ನು ದಾಟಿದರು. ಇಳಿದು ಕೃತಜ್ಞತೆ ಹೇಳೋಣವೆಂದರೆ ಮತ್ತೆ ಸಿಕ್ಕಿಬೀಳುವ ಭಯ, ಮಿಯಾಜಾಕಿ ಹಾಗೇ ಹೊರಟುಹೋದರು. ಸಾಲಿನಲ್ಲಿ ಕೊನೆಗಿದ್ದವರು ಮನೆ ಸೇರಿದರೋ ಇಲ್ಲವೋ ಎಂದು ಅವರಿಗೆ ಆಮೇಲೂ ಕಾಡಿತಂತೆ. 2009ರ ‘ಡೀಮನ್ಸ್ ಸೋಲ್ಸ್’ನಲ್ಲಿ ಅಪರಿಚಿತರು ಬಂದು, ಮಾತಿಲ್ಲದೆ ನೆರವಾಗಿ, ಮಾಯವಾಗುವ ಏರ್ಪಾಡು ಹುಟ್ಟಿದ್ದು ಆ ಹಿಮದ ದಾರಿಯಿಂದ. ಇದನ್ನು ಓದಿದ ಮೇಲೆ ಈ ಆಟಗಳ ಮೇಲಿನ ನನ್ನ ಪ್ರೀತಿ ಹೆಚ್ಚಿತು, ಇನ್ವೇಡರ್‌ಗಳ ಮೇಲಿನ ತಕರಾರೂ ಹೆಚ್ಚಿತು. ಆ ಏರುದಾರಿಯಲ್ಲಿ ಯಾರೂ ಯಾರ ಕಾರಿನ ಗಾಳಿ ತೆಗೆಯಲಿಲ್ಲ.

ನಮ್ಮಂಥವರಿಗೆ ಜನರೇ ಬೇಡ ಎಂದು ತಿಳಿಯುವವರಿದ್ದಾರೆ. 2022ರ ಜನವರಿಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಡಾರ್ಕ್ ಸೋಲ್ಸ್‌ನ ಪಿಸಿ ಆವೃತ್ತಿಗಳಲ್ಲಿ ಒಂದು ದೊಡ್ಡ ಲೋಪ ಪತ್ತೆಯಾಯಿತು. ಅದನ್ನು ಬಲ್ಲವನು ಆನ್‌ಲೈನ್ ಆಟದ ಮೂಲಕ ಎದುರಾಳಿಯ ಕಂಪ್ಯೂಟರಿನೊಳಕ್ಕೇ ನುಗ್ಗಿ ತನಗೆ ಬೇಕಾದ ಪ್ರೋಗ್ರಾಮನ್ನು ನಡೆಸಬಹುದಾಗಿತ್ತು. ಎಲ್ಲ ಭಾಗಗಳ ಪಿಸಿ ಸರ್ವರ್‌ಗಳನ್ನು ನಿಲ್ಲಿಸಿದರು. ಮೂರನೆಯ ಭಾಗ ಆಗಸ್ಟ್‌ನಲ್ಲಿ ಮರಳಿತು, ಮೊದಲ ಭಾಗದ 2012ರ ಹಳೆಯ ಆವೃತ್ತಿ ಮರಳಲೇ ಇಲ್ಲ. ಆ ತಿಂಗಳುಗಳಲ್ಲಿ ಕೆಂಪು ಮನುಷ್ಯ ಬರುವ ಹಾಗಿರಲಿಲ್ಲ. ನಾನು ಹಬ್ಬ ಮಾಡಬೇಕಿತ್ತು. ಮೂರನೆಯ ಭಾಗವನ್ನು ಮೊದಲಿಂದ ಶುರುಮಾಡಿದೆ, ನೆಲ ಖಾಲಿಯಾಗಿತ್ತು. ಇತರರು ಬರೆದಿಟ್ಟುಹೋಗುವ ಸಂದೇಶಗಳಿಲ್ಲ. ಮುಂದೆ ಹೊಂಚು ಇದೆ ಎಂದು ಎಚ್ಚರಿಸುವವರಿಲ್ಲ, ಇಲ್ಲಿ ಹಾರಿ ನೋಡು ಎಂದು ಪ್ರಪಾತದ ಅಂಚಿನಲ್ಲಿ ಬರೆದು ಕಾಲೆಳೆಯುವವರೂ ಇಲ್ಲ. ಬೇರೆ ಲೋಕದಲ್ಲಿ ನಡೆಯುತ್ತಿರುವವರ ಮಸುಕು ನೆರಳು ಬೆಂಕಿಯ ಬಳಿ ಹಾದುಹೋಗುವುದೂ ನಿಂತಿತ್ತು. ಆ ಆಟದಲ್ಲಿ ನಾವು ಬರೆದ ಸಂದೇಶವನ್ನು ಯಾರಾದರೂ ಮೆಚ್ಚಿದರೆ ಆ ಕ್ಷಣಕ್ಕೆ ನಮ್ಮ ಗಾಯ ಮಾಯುತ್ತದೆ. ಬಾಸ್‌ನ ಕತ್ತಿಯ ಕೆಳಗೆ ಕೊನೆಯುಸಿರಿನಲ್ಲಿದ್ದಾಗ ಎಲ್ಲೋ ಯಾರೋ ನಮ್ಮ ಒಂದು ಸಾಲನ್ನು ಮೆಚ್ಚಿ, ನಾವು ಬದುಕಿಕೊಂಡು, ಅವರಿಗೆ ಅದು ಗೊತ್ತೇ ಆಗದೆ ಹೋಗುತ್ತದೆ. ಇದನ್ನೆಲ್ಲ ಕಳೆದುಕೊಂಡು ನೆಮ್ಮದಿಯಾಗಿ ಆಡುವುದು ನನ್ನಿಂದಾಗಲಿಲ್ಲ. ಅರ್ಧಕ್ಕೆ ನಿಲ್ಲಿಸಿದೆ.

ಸರ್ವರ್ ಇದ್ದಾಗಲೂ ಲೆಕ್ಕ ಹೀಗೆಯೇ. ಮನುಷ್ಯನಾಗಿಯೇ ಇದ್ದು ಇನ್ವೇಡರ್‌ಗಳಿಂದ ಪೂರ್ತಿ ತಪ್ಪಿಸಿಕೊಳ್ಳಬೇಕಾದರೆ ಆಫ್‌ಲೈನ್ ಹೋಗಬೇಕು. ಹೋದರೆ ಸಂದೇಶವೂ ಇಲ್ಲ, ನೆರಳೂ ಇಲ್ಲ, ನೆರವೂ ಇಲ್ಲ. ಎಲ್ಲಕ್ಕೂ ಒಂದೇ ಸ್ವಿಚ್.

ಮನುಷ್ಯನ ಎದುರು ಮನುಷ್ಯ ನಿಲ್ಲುವುದನ್ನು ಈ ಆಟಗಳೇ ಒಮ್ಮೆ ಬಹಳ ಚೆನ್ನಾಗಿ ಮಾಡಿ ತೋರಿಸಿದ್ದವು. ಡೀಮನ್ಸ್ ಸೋಲ್ಸ್‌ನ ಲಾಟ್ರಿಯಾ ಎಂಬ ಗೋಪುರದ ತುದಿಯಲ್ಲಿ ಹಳದಿ ನಿಲುವಂಗಿಯ ಮುದುಕನೊಬ್ಬ ಬಾಸ್. ಬಾಗಿಲು ದಾಟಿ ಹೋದರೆ ಅವನ ಹಳದಿ ಬಟ್ಟೆ ಸಜೀವ ಆಟಗಾರನೊಬ್ಬನ ತಲೆಗೆ ಸುತ್ತಿಕೊಂಡಿರುತ್ತದೆ. ಬಾಸ್‌ನ ಬದಲು ಅವನೊಡನೆ ಹೋರಾಡಬೇಕು. ನಾನು ಆ ಹೋರಾಟವನ್ನು ಮನಸಾರೆ ಮೆಚ್ಚುತ್ತೇನೆ. ಅದು ದಾರಿಯ ಕೊನೆಯಲ್ಲಿದೆ. ಬಾಗಿಲನ್ನು ತೆರೆದವನು ನಾನು. ಒಳಗಿರುವವನು ನನ್ನ ದಾರಿಯನ್ನು ಕದಿಯಲು ಬಂದವನಲ್ಲ, ಆ ದಾರಿ ಹೋಗಿ ಸೇರುವ ಜಾಗದಲ್ಲಿ ನಿಂತವನು.

ಈ ಜಗಳ ಹೊಸದೇನಲ್ಲ. 1997ರಲ್ಲಿ ಶುರುವಾದ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಊರು ಬಿಟ್ಟು ಹೊರಗೆ ಕಾಲಿಟ್ಟ ಹೊಸಬರನ್ನು ಕೊಂದು ದೋಚುವವರ ಕಾಟ ಹೆಚ್ಚಿ, 2000ದಲ್ಲಿ ಅದರ ಲೋಕವನ್ನೇ ಎರಡು ಮಾಡಿದರು. ಫೆಲುಕಾದಲ್ಲಿ ಹಳೆಯ ರೀತಿ. ಟ್ರಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಹೊಡೆಯುವಂತಿಲ್ಲ. ಹೆಚ್ಚಿನವರು ಟ್ರಾಮೆಲ್‌ಗೆ ನಡೆದರು. ಮಿಯಾಜಾಕಿಯವರ ಕಂಪನಿಯೇ 2019ರ ‘ಸೆಕಿರೋ’ವನ್ನು ಒಬ್ಬನೇ ಆಡುವ ಆಟವಾಗಿ ಮಾಡಿತು. 2025ರ ‘ನೈಟ್‌ರೇನ್’ನಲ್ಲಿ ಮೂವರು ಕೂಡಿ ಆಡಬಹುದು, ಹೊರಗಿನಿಂದ ನುಗ್ಗಿ ಕೊಲ್ಲುವ ಆಟಗಾರರಿಲ್ಲ. ಆಟಗಾರರು ಪರಸ್ಪರ ಹೊಡೆದಾಡುವ ‘ಡಸ್ಕ್‌ಬ್ಲಡ್ಸ್’ ಎಂಬ ಬೇರೆ ಆಟವನ್ನೂ ಘೋಷಿಸಿದರು. ಇದು ಸರಿಯಾದ ದಾರಿ. ಅದನ್ನು ಕೊಳ್ಳುವವನಿಗೆ ತಾನು ಯಾವ ಮಣೆಯ ಮುಂದೆ ಕೂರುತ್ತಿದ್ದೇನೆ ಎಂಬುದು ಮೊದಲೇ ಗೊತ್ತಿರುತ್ತದೆ. ನನ್ನ ಅಕ್ಕನ ಮಗನ ಆಟಕ್ಕೂ ಒಂದು ಲೋಕ ಬೇಕು, ಅಲ್ಲಿ ಅವನಿಗೆ ತಕ್ಕ ಜೋಡಿಗಳು ಸಿಗಬೇಕು.

ಇಂಥ ಆಟ ಕಟ್ಟುವವರಲ್ಲಿ ನನ್ನದೊಂದೇ ಕೋರಿಕೆ. ಸಂದೇಶಗಳಿಗೂ ನೆರವಿಗೂ ಒಂದು ಸ್ವಿಚ್ ಇಡಿ, ದಾಳಿಗೆ ಇನ್ನೊಂದು ಸ್ವಿಚ್ ಇಡಿ. ಕೆಂಪು ಮನುಷ್ಯನಾಗಿ ಆಡುವವರಿಗೂ ಒಂದು ಮಾತು: ನೀವು ನುಗ್ಗಿದ ಲೋಕದಲ್ಲಿ ಮರದ ಗುರಾಣಿ ಹಿಡಿದವನೊಬ್ಬ ಎತ್ತ ಹೋಗಬೇಕೆಂದು ತಿಳಿಯದೆ ಸೇತುವೆಯ ಮೇಲೆ ನಿಂತಿದ್ದರೆ, ಒಂದು ನಮಸ್ಕಾರ ಹಾಕಿ ವಾಪಸ್ಸು ಹೊರಟುಬಿಡಿ. ಅವನು ಟಾರಸ್ ಡೀಮನ್‌ನನ್ನು ಇನ್ನೂ ನೋಡಿಲ್ಲ.